ಕಣಗಿಲೆಯ ಬುಡಕ್ಕೆ ಕೊಡಲಿ ಇಟ್ಟ ನೀಲಕ್ಕ

ನೀಲಕ್ಕ ಹುಬ್ಬಳ್ಳಿಯ ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವಳು. ಯಾರ ಮುಲಾಜಿಗೂ ಬಗ್ಗಿದವಳಲ್ಲ...

ರಿಟೈರ್ ಆದ ಮೇಲೆ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕದ ಬರಡು ಜಾಗವನ್ನು ಕೈತೋಟ ಮಾಡಿದಳು. ತೀರಿಹೋದ ಗಂಡನ ನೆನಪಿಗೆಂದು ಮೊದಲು ನೆಟ್ಟದ್ದೇ ಕಣಗಿಲೆ.

ಗಿಡ ಆಳೆತ್ತರ ಬೆಳೆಯಿತು. ಹೂವೆಲ್ಲ ಮೂರನೇ ಮಹಡಿಯ ಚೆನ್ನವೀರಪ್ಪ ಕಾಕಾ ಅವರ ಶಿವಪೂಜೆಗೆ ಹೋಗುತ್ತಿತ್ತು. ಅಪಾರ್ಟ್‌ಮೆಂಟಿನ ಅಧ್ಯಕ್ಷರೂ ಅವರೇ.

ಕಾಕಾ ಬಹಳ ನೇಮದ ಮನುಷ್ಯ. ಪೂಜೆಯ ನಿರ್ಮಾಲ್ಯ ಯಾರ ಕಾಲಿಗೂ ಸಿಗಬಾರದೆಂದು ಗೇಟಿನ ಹತ್ತಿರ ಒಂದು ಬಕೆಟ್ ನೀರಿಟ್ಟು, ಅದರಲ್ಲಿ ಹೂವು ನೆನೆಹಾಕುತ್ತಿದ್ದರು. ವಾರಕ್ಕೊಮ್ಮೆ ಆ ನೀರು ಗಿಡಗಳಿಗೆ.

ಅದೇ ಗೇಟಿನಲ್ಲಿ ನೀಲಕ್ಕ ಸಾಕಿದ ನಾಯಿ ಬುಂದಿಯೂ ಇತ್ತು.

ಏಪ್ರಿಲ್ ಬಿಸಿಲು... ಬುಂದಿ ಒಂದೇ ವಾರದಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಲಿಫ್ಟಿನ ಬಾಗಿಲಲ್ಲಿ ಬಿದ್ದುಬಿಟ್ಟಿತು.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಕಾಕಾ ಮೆಸೇಜ್ ಹಾಕಿದರು. "ನಾಯಿಗೆ ಏನೋ ರೋಗ ಬಂದಿದೆ. ಭಾನುವಾರ ಮೀಟಿಂಗ್ ಮಾಡಿ ಹೊರಗೆ ಕಳಿಸೋಣ."

ನೀಲಕ್ಕ ಒಂದೇ ಸಾಲು ಬರೆದಳು. "ಬುಂದಿ ಎಲ್ಲೂ ಹೋಗೂದಿಲ್ಲ, ಏನ್ ಮಾಡ್ಕೋತೀರಿ ಮಾಡ್ಕೋರಿ."

ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಪಶುವೈದ್ಯೆಯ ಹತ್ತಿರ ಓಡಿದಳು. ಡಾಕ್ಟರ್ ಸಲೈನ್ ಹಚ್ಚಿ ಕೇಳಿದರು.

"ಅಕ್ಕಾರ, ನಿಮ್ಮ ತೋಟದಾಗ ಏನೇನ್ ಗಿಡ ಅದಾವ್ರಿ?"

"ಗುಲಾಬಿ, ಮಲ್ಲಿಗಿ, ಕಣಗಿಲ..." ನೀಲಕ್ಕ ಹೆಮ್ಮೆಯಿಂದ ಎಣಿಸತೊಡಗಿದಳು.

"ಅಲ್ಲೇ ನಿಲ್ರಿ. ಗುಲಾಬಿ, ಮಲ್ಲಿಗಿಗೆ ಅಂಜಬ್ಯಾಡ್ರಿ. ಕಣಗಿಲ ಮಾತ್ರ ವಿಷ. ಎಲಿ, ಹೂ ಅಷ್ಟ ಅಲ್ಲ, ಅದು ನೆನೆದ ನೀರು ಕುಡದ್ರೂ ಜೀವಕ್ಕ ಅಪಾಯ."

ನೀಲಕ್ಕನಿಗೆ ಗೇಟಿನ ಹತ್ತಿರದ ಬಕೆಟ್ ನೆನಪಾಯಿತು...

ಬಾಯಾರಿದ ಬುಂದಿ ಆ ಬಕೆಟ್ಟಿಗೆ ಮೂತಿ ಇಡುವುದನ್ನು ಅವಳೇ ಎಷ್ಟೋ ಸಲ ನೋಡಿದ್ದಳು. "ಭಾಳ ಭಕ್ತ ಐತಿ, ತೀರ್ಥ ಕುಡೀತೈತಿ" ಎಂದು ನಕ್ಕಿದ್ದಳು ಬೇರೆ.

ತುಂಬಿದ ಬಸ್ಸನ್ನು ಒಂದೇ ಸೀಟಿ ಊದಿ ಸುಮ್ಮನಾಗಿಸುತ್ತಿದ್ದ ಹೆಂಗಸು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗಳಗಳನೆ ಅತ್ತಳು.

ಭಾನುವಾರ ಬೆಳಿಗ್ಗೆ ಜನ ಮೀಟಿಂಗಿಗೆ ಇಳಿದು ಬಂದರೆ, ನೀಲಕ್ಕ ಕೈಗವಸು ಹಾಕಿಕೊಂಡು ಕೊಡಲಿ ಹಿಡಿದು ಕಣಗಿಲೆಯ ಮುಂದೆ ನಿಂತಿದ್ದಾಳೆ.

"ಏ ನೀಲವ್ವಾ, ತಲಿ ಕೆಟ್ಟೈತೇನ್ ನಿನಗ? ಶಿವನ ಗಿಡ ಕಡೀತೀ? ಪಾಪ ಹತ್ತತೈತಿ." ಕಾಕಾ ಕೂಗಿದರು.

"ಹತ್ತಲಿ ಕಾಕಾ. ನನಗ ಹತ್ತಲಿ." ಮೊದಲ ಏಟು ಬಿತ್ತು.

"ನಿನ್ನ ಗಂಡನ ನೆನಪಿಗೆ ನೆಟ್ಟಿದ್ದಲ್ಲೇನವ್ವಾ?"

ಒಂದು ಕ್ಷಣ ಕೈ ನಿಂತಿತು... ಕಣ್ಣು ತುಂಬಿತು. "ಅವರು ಇದ್ದಿದ್ರ ಈ ಕೊಡ್ಲಿ ಅವರ ಕೈಯಾಗ ಇರ್ತಿತ್ರಿ."

ಡಾಕ್ಟರ್ ಹೇಳಿದ್ದನ್ನು, ಬಕೆಟ್ಟಿನ ನೀರಿನ ಕಥೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು.

ಕಾಕಾ ಒಪ್ಪಲಿಲ್ಲ. "ಇಷ್ಟ ವರ್ಷ ಶಿವಗ ಏರಿಸೀನಿ. ಅವಗೇನಾಗೈತಿ?"

"ಶಿವ ಹಾಲಾಹಲ ಕುಡದಾಂವ, ಅಂವ ತಡಕೋತಾನ ಕಾಕಾ... ಈ ಮೂಕಪ್ರಾಣಿ ಹೆಂಗ ತಡಕೋಬೇಕು?"



ಅಷ್ಟರಲ್ಲಿ ಕಾಕಾ ಅವರ ದನಿ ಕೇಳಿ, ಆಸ್ಪತ್ರೆಯಿಂದ ಮರಳಿದ್ದ ಬುಂದಿ ನೀಲಕ್ಕನ ಮನೆಯಿಂದ ಹೊರಗೆ ಬಂತು. ಸಲೈನ್ ಹಚ್ಚಿದ ಕಾಲಿಗೆ ಬ್ಯಾಂಡೇಜು, ನಡೆಯಲು ಶಕ್ತಿಯಿಲ್ಲ... ಆದರೂ ಬಾಲ ಅಲ್ಲಾಡಿಸುತ್ತ ಬಂದು ಅವರ ಪಾದದ ಮೇಲೆ ತಲೆ ಇಟ್ಟಿತು. ತನ್ನನ್ನು ಹೊರಗೆ ಹಾಕಲು ಬಂದವರು ಇವರೇ ಎಂದು ಅದಕ್ಕೇನು ಗೊತ್ತು?

ಕಾಕಾ ಅಲ್ಲೇ ಕುಸಿದು ಕೂತರು. "ದಿನಾ ನನ್ನ ಕೈಯಾರೆ ವಿಷ ಇಟ್ಟೆನಲ್ಲೋ ನಿನಗ..."

ಕಣ್ಣೊರೆಸಿಕೊಂಡು ಎದ್ದು, ನೀಲಕ್ಕನ ಮುಂದೆ ಕೈ ಚಾಚಿದರು.

"ತಾ ಇಲ್ಲಿ ಕೊಡ್ಲಿ. ಬುಡ ಗಟ್ಟಿ ಐತಿ, ನಿನಗೊಬ್ಬಾಕಿಗೆ ಆಗೂದಿಲ್ಲ."

ಆ ದಿನ ಮೀಟಿಂಗ್ ನಡೆಯಲೇ ಇಲ್ಲ.

*ನಾವೇ ನೆಟ್ಟದ್ದಾದರೂ ಒಂದು ಜೀವಕ್ಕೆ ವಿಷವಾಗುವುದಾದರೆ, ಅದನ್ನು ಕಿತ್ತೊಗೆಯುವ ಧೈರ್ಯವೂ ಪೂಜೆಯೇ.*

ನಿಮ್ಮ ಬಾಲ್ಕನಿಯಲ್ಲಿ, ಅಂಗಳದಲ್ಲಿ ಏನೇನು ಗಿಡಗಳಿವೆ... ಈಗಲೇ ಒಮ್ಮೆ ಎದ್ದು ನೋಡಿ ಬರುತ್ತೀರಾ?