ಲಗ್ನಪತ್ರಿಕೆಯ ಬಿ.ಕಾಂ.

ಪರೀಕ್ಷೆ ಮುಗಿಯಲು ಇನ್ನೂ ಹತ್ತು ನಿಮಿಷವಿತ್ತು. ಗಿರಿಮಲ್ಲಪ್ಪ ಕಾಲೇಜಿನ ಗೇಟಿನೆದುರು ಬೇವಿನ ಮರದ ಹಿಂದೆ ಸರಿದು ನಿಂತ. ಬನಹಟ್ಟಿಯಲ್ಲಿ ಅವನ ಸೀರೆ ಅಂಗಡಿ. ಗುರುತಿನವರ ಕಣ್ಣಿಗೆ ಬೀಳಬಾರದೆಂದೇ ಮಗ ಗೌರೀಶನಿಗೆ ಮುಧೋಳದಿಂದ ಪರೀಕ್ಷೆ ಕಟ್ಟಿಸಿದ್ದ. ಊರಲ್ಲಿ ಹೇಳಿ ಬಂದದ್ದು, ಬಾಸಿಂಗ ತರಲು ಹೊರಟಿದ್ದೇವೆ ಎಂದು.

ಲಗ್ನಪತ್ರಿಕೆಯಲ್ಲಿ ಗೌರೀಶನ ಹೆಸರಿನ ಮುಂದೆ ‘ಬಿ.ಕಾಂ.’ ಅಚ್ಚಾಗಿ, ಹಂಚಿಯೂ ಆಗಿತ್ತು. ಒಂದೇ ಒಂದು ವಿಷಯ ಎರಡು ವರ್ಷದಿಂದ ಉಳಿದಿತ್ತು. ಗುಟ್ಟು ಒಡೆದರೆ ಮದುವೆಯೇ ಮುರಿಯುತ್ತದೆ. “ಡಿಗ್ರಿ ಇಲ್ಲದ ಹುಡುಗಗ ನಾ ಹೆಣ್ಣ ಕೊಡಾಂಗಿಲ್ರಿ” ಎಂದಿದ್ದರು ಜಮಖಂಡಿಯ ಬೀಗರು, ನೀಲಕಂಠ.

ಗಿರಿಮಲ್ಲಪ್ಪನದೂ ಷರತ್ತಿತ್ತು. “ಹುಡುಗಿ ನಮ್ಮಾಂವಗಿಂತ ಹೆಚ್ಚ ಓದಿರಬಾರದು. ನೌಕರಿ ಅಂತೂ ಬ್ಯಾಡೇ ಬ್ಯಾಡ.”

“ವೈಶಾಲಿ ಬರೇ ಬಿ.ಎ. ರೀ,” ನೀಲಕಂಠ ಕೆಮ್ಮಿದ್ದರು. “ಈಗ ಮನ್ಯಾಗ ರೊಟ್ಟಿ ಬಡೀತಾಳ.”

ಹೆಣ್ಣು ನೋಡಲು ಹೋದಾಗ ಚಹಾ ತಂದ ಅವಳ ಬೆರಳಿಗೆ ಬಿಳಿ ಪುಡಿ ಅಂಟಿತ್ತು. ಜೋಳದ ಹಿಟ್ಟೆಂದು ಗಿರಿಮಲ್ಲಪ್ಪನ ಹೆಂಡತಿ ಮುತ್ತವ್ವ ಹಿಗ್ಗಿದ್ದಳು. ಒಲೆಯ ಮುಂದೆ ಕೂಡ್ರುವವಳಿಗೆ ಬಿ.ಎ. ಯಾಕೆಂದು ಯಾರೂ ಕೇಳಲಿಲ್ಲ. ಪತ್ರಿಕೆಯಲ್ಲಿ ಚೆಂದ ಕಾಣುತ್ತದಲ್ಲ.

ಗೇಟಿನ ಬಳಿ ಬೈಕು ನಿಂತಿತು. ನೀಲಕಂಠ! ಗಿರಿಮಲ್ಲಪ್ಪ ಮರಕ್ಕೆ ಇನ್ನಷ್ಟು ಒತ್ತಿಕೊಂಡ. ಮರ ಸಣ್ಣದು, ಹೊಟ್ಟೆ ದೊಡ್ಡದು.

“ಏನ್ರಿ ಬೀಗರ, ಇಲ್ಲೆ?”

“ಬಾಸಿಂಗ ನೋಡಾಕ ಬಂದಿದ್ನಿರಿ. ನೀವು?”

“ನಾನೂ... ಬಾಸಿಂಗಾನ ರೀ.”

“ಒಳಗ ನಿಮ್ಮವರು ಯಾರರೆ?”

“ಯಾರೂ ಇಲ್ರಿ. ನಿಮ್ಮವರು?”

“ಯಾರೂ ಇಲ್ರಿ.”

ನೀಲಕಂಠ ಬೆವರೊರೆಸಿಕೊಂಡರು. ಬೈಕಿನ ಹ್ಯಾಂಡಲಿಗೆ ಬುತ್ತಿಯ ಚೀಲ. ಅದರ ಮೇಲೆ ‘ವೈಶಾಲಿ’ ಎಂದು ಕಸೂತಿ.

ಗಿರಿಮಲ್ಲಪ್ಪನಿಗೆ ಹೊಳೆದೇಬಿಟ್ಟಿತು. ಹುಡುಗಿಯೂ ಫೇಲು! ಅವಳದೂ ಒಂದು ವಿಷಯ ಉಳಿದಿದೆ, ಅವಳೂ ಕದ್ದು ಬರೆಯುತ್ತಿದ್ದಾಳೆ. ತಿಂಗಳಿಂದ ಹತ್ತದ ನಿದ್ದೆಯೆಲ್ಲ ಒಮ್ಮೆಲೇ ಕಣ್ಣಿಗೆ ಬಂದಂತಾಯಿತು. ಬೀಗರ ಹೆಗಲ ಮೇಲೆ ಕೈ ಹಾಕಿ, “ಚಿಂತಿ ಬಿಡ್ರಿ, ನಾವೂ ಮಕ್ಕಳ ಹಡದವರು” ಎಂದ. ನೀಲಕಂಠ ಇನ್ನಷ್ಟು ಬೆವರಿದರು.

ಗಂಟೆ ಹೊಡೆಯಿತು. ಮೊದಲು ಹೊರಬಂದವನೇ ಗೌರೀಶ, ಮುಖ ಬಿಳಿಚಿಕೊಂಡು.

“ಅಪ್ಪಾ, ಒಳಗ ವೈಶಾಲಿ ಅದಾಳ!”

“ಗೊತ್ತೈತಿ ಬಿಡಲೇ,” ಗಿರಿಮಲ್ಲಪ್ಪ ನಕ್ಕ. “ನಿನ್ನ ಮುಂದ ಕುಂತಿದ್ಳೋ, ಹಿಂದೋ?”

“ಕುಂದ್ರಲೇ ಇಲ್ಲಪಾ. ಮೂರು ತಾಸು ಅಡ್ಡಾಡಿದ್ಳು, ಎಲ್ಲಾರೂ ಮೇಡಂ ಮೇಡಂ ಅನ್ನಾಕತ್ತಿದ್ರು. ನನ್ನ ತೋಳಿನ್ಯಾಗಿನ ಚೀಟಿ ತಗದು ಓದಿ, ‘ಉತ್ತರಾನೂ ತಪ್ಪೈತಿ’ ಅಂತ ತನ್ನ ಚೀಲದಾಗ ಹಾಕ್ಕೊಂಡ್ಳು.”