ಬಣ್ಣ ಹಾಕದ ಅರಿಶಿನ

ಆ ಬೆಳಿಗ್ಗೆಯೂ ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಪ್ರಾರ್ಥನೆ ಹೇಳಿದರು. ಕೆಲಸದವರಲ್ಲಿ ಕ್ರೈಸ್ತರು ಒಬ್ಬರೂ ಇರಲಿಲ್ಲ. ಆದರೂ ಹನ್ನೊಂದು ಜನ ಹೆಂಗಸರು ತಲೆಗೆ ಸೆರಗು ಹೊದ್ದು "ಆಮೆನ್" ಅಂದ ಮೇಲೆಯೇ ಅರಿಶಿನ ಕೊಂಬನ್ನು ಪೀಪಾಯಿಗೆ ತುಂಬಿ ತಿರುಗಿಸಿ ಉಜ್ಜಲು ಶುರುಮಾಡುತ್ತಿದ್ದರು. ಈಗಲೂ ಅರಿಶಿನದ ಡಬ್ಬಿ ತೆರೆದರೆ ಗುಂಡ್ಲುಪೇಟೆಯ ಆ ಶೆಡ್ಡಿನ ಧೂಳು ನನ್ನ ಗಂಟಲಿಗೆ ಬರುತ್ತದೆ. ಆಗ ನಾನು ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ.

ಮಧ್ಯಾಹ್ನ ಮೈಸೂರಿನ ಸಾಹುಕಾರರು ಲಾರಿ ತಂದರು. ನಮಗಿದ್ದ ಗಿರಾಕಿ ಅವರೊಬ್ಬರೇ. ಒಂದು ಕೊಂಬನ್ನು ಬೆಳಕಿಗೆ ಹಿಡಿದು, "ಮಂಕಾಗಿದೆ ಸ್ವಾಮಿ. ಎಲ್ಲರ ಹಾಗೆ ಹಳದಿ ಬಣ್ಣದ ಪುಡಿ ಬೆರೆಸಿಕೊಡಿ, ಕಾಯ್ತೀನಿ" ಅಂದರು.

"ಅದು ಬಾಗಿಲಿಗೆ ಬಳಿಯೋ ಬಣ್ಣ. ಈ ಅರಿಶಿನ ಮಕ್ಕಳ ಹಾಲಿಗೆ ಹೋಗುತ್ತೆ" ಅಂದರು ಅಪ್ಪ.

ಕೆಲಸದ ಮಾರವ್ವ ಎದ್ದು ಬಂದಳು. "ನಾವೇ ಬೆರಸ್ತೀವಿ ಬುದ್ಧಿ, ನೀವು ಆಕಡೆ ತಿರಿಕ್ಕೊಳಿ. ಶೆಡ್ಡು ಮುಚ್ಚುದ್ರೆ ನಾವೆಲ್ಲಿಗೆ ಓಗನ?"

ಅಪ್ಪ ಅವಳ ಕಡೆ ತಿರುಗಿದರು. "ಬೆಳಿಗ್ಗೆ ನಿಮ್ಮ ಮುಂದೆ ಪ್ರಾರ್ಥನೆ ಹೇಳಿದ ಬಾಯಿ ಇದು, ಮಾರವ್ವ. ಹೂಂ ಅನ್ನೋಕೆ ಬರ್ತಿಲ್ಲ."

"ಅಂಗಾರೆ ನಿಮ್ ದೇವ್ರು ನಮ್ ಮಕ್ಳಿಗೆ ಇಟ್ಟು ಆಕ್ತಾನಾ?"

ಅಪ್ಪ ಮೂಟೆಗೆ ಒರಗಿ ಕೂತುಬಿಟ್ಟರು. ಅವರ ಉಗುರಿನ ಸಂದಿಯ ಹಳದಿಯನ್ನೇ ನಾನು ನೋಡುತ್ತಿದ್ದೆ. ಲಾರಿ ಖಾಲಿ ಹೋಯಿತು. ಹೆಂಗಸರು ಸೆರಗು ಕೊಡವಿಕೊಂಡು ಒಬ್ಬೊಬ್ಬರಾಗಿ ಮನೆ ದಾರಿ ಹಿಡಿದರು. ಯಾರೂ ಅಪ್ಪನಿಗೆ ಹೇಳಿ ಹೋಗಲಿಲ್ಲ.

ಸಂಜೆ ಬಾವಿಯ ಹತ್ತಿರ ಪಕ್ಕದ ಮನೆಯ ಪುಟ್ಟಮ್ಮ ಬಿಂದಿಗೆ ಬೆಳಗುತ್ತಾ ನನಗೆ ಹೇಳಿದಳು: "ನಿಮ್ಮಪ್ಪಾರ್ನ ಒಂದ್ ಮಾತು ಕೇಳಮ್ಮಿ. ಎಂಗೂ ಶೆಡ್ಡು ಕಾಲಿ ಬಿದ್ದಿರ್ತದಲ್ಲ, ನಮ್ಮ ಎಮ್ಮೆ ಕಟ್ಕಬೋದಾ ಅಂತ."