ಹಿಂದಿನ ಸೀಟಿನವಳು

ಖಾಲಿ ಮೈದಾನದ ತಿರುವಿನಲ್ಲಿ ಗುರುತಿಗೆಂದು ಇಟ್ಟಿದ್ದ ಡ್ರಮ್ಮು ಎದುರಾಯಿತು. ಕಾರು ಮೆತ್ತಗೆ ನಿಂತಿತು. ಸ್ಟೇರಿಂಗ್ ಹಿಡಿದಿದ್ದ ಡಾಕ್ಟರ ಮುಖ ಅರಳಿತು.

"ನೋಡಿದ್ರಾ ಮೇಡಂ, ಹೇಗೆ ನಿಲ್ಲಿಸ್ದೆ!"

"ತುಂಬಾ ಚೆನ್ನಾಗಿ" ಎಂದಳು ಪಕ್ಕದಲ್ಲಿದ್ದ ಡ್ರೈವಿಂಗ್ ಮೇಡಂ, ತನ್ನ ಕಾಲಡಿಯ ಬ್ರೇಕಿನಿಂದ ಪಾದವನ್ನು ಸದ್ದಿಲ್ಲದೆ ಎತ್ತುತ್ತ. ಕಲಿಸುವ ಕಾರಿಗೆ ಎರಡು ಬ್ರೇಕು: ಕಲಿಯುವವರಿಗೊಂದು, ಕಲಿಸುವವರಿಗೊಂದು. ಯಾರಿಗೂ ಗಟ್ಟಿಯಾಗಿ ಒಂದು ಮಾತು ಹೇಳಲಾರದ ಈಕೆ ತಾನೇ ಒತ್ತಿಬಿಡುತ್ತಿದ್ದಳು. ಕಲಿಯಲು ಬಂದವರು ಪ್ರೀತಿಯಿಂದ ಇಟ್ಟ ಹೆಸರು ಬೆಣ್ಣೆ ಮೇಡಂ. ಆದರೆ ಲೈಸೆನ್ಸ್ ಪರೀಕ್ಷೆಯ ದಿನ ಪಕ್ಕದಲ್ಲಿ ಕೂರುವ ಅಧಿಕಾರಿ ಯಾರ ಪರವಾಗಿಯೂ ಬ್ರೇಕ್ ಒತ್ತುವುದಿಲ್ಲವಲ್ಲ! ಅವಳ ಶಿಷ್ಯರು ಒಬ್ಬರ ಹಿಂದೊಬ್ಬರು ಡುಮ್ಕಿ ಹೊಡೆಯುತ್ತಿದ್ದರು. ಏಕೆಂದು ಅವರಿಗೂ ತಿಳಿಯದು, ಅವಳಿಗೂ ಹೊಳೆದಿರಲಿಲ್ಲ.

ಡ್ರೈವಿಂಗ್ ಸ್ಕೂಲು ಅವಳ ಅಕ್ಕನದು. ಅಕ್ಕನ ಗಂಟಲು ಬೀದಿಯ ಆ ತುದಿಗೂ ಕೇಳುವಂಥದ್ದು. "ನಾಳೆ ಈ ಡಾಕ್ಟ್ರೂ ಫೇಲಾದ್ರೆ ಕಾರಿನ ಕೀ ಇಲ್ಲಿಟ್ಟು, ಆಫೀಸಲ್ಲಿ ಫೋನ್ ಎತ್ಕೊಂಡು ಕೂತ್ಕೋ!" ಎಂದು ಬೆಳಿಗ್ಗೆ ಎಲ್ಲರೆದುರಿಗೇ ಗದರಿದ್ದಳು. ಕಾರೆಂದರೆ ಪ್ರಾಣ ಬಿಡುವ ಮೇಡಂಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಆದರೂ ನಕ್ಕು ಬಂದಿದ್ದಳು.

"ಯಾಕೆ ಸಪ್ಪಗಿದ್ದೀರಿ? ನಿದ್ದೆ ಇಲ್ವಾ?" ಕಾರು ಮತ್ತೆ ಹೊರಟಾಗ ಡಾಕ್ಟರ್ ಕೇಳಿದರು. ಅವರು ಮನಸ್ಸಿನ ಡಾಕ್ಟರು. ಜನರ ಕನಸು ಕೇಳಿಸಿಕೊಂಡು ಅದರ ಆಳಕ್ಕಿಳಿಯುವುದೇ ಅವರ ಕೆಲಸ.

"ಒಂದು ಹಾಳು ಕನಸು, ಡಾಕ್ಟ್ರೇ. ದಿನಾ ಅದೇ. ಈ ಕಾರಿನ ಹಿಂದಿನ ಸೀಟಲ್ಲಿ ಯಾರೋ ದಪ್ಪ ಹೆಂಗಸು, ಕೂದಲು ಕೆದರ್ಕೊಂಡು, ಬಾಯಿಗೆ ಬಂದ ಹಾಗೆ ಕಿರುಚ್ತಾಳೆ. ನಾನು ಇಳಿದು, ಬಾಗಿಲಿಗೆ ಬೀಗ ಹಾಕಿ ಓಡ್ತೀನಿ."

"ನೋಡೋಕೆ ಅಕ್ಕನ ಥರ ಇದ್ಲಾ?"

"ಬಾಯಿ ಅಕ್ಕಂದೇ. ಆ ಬಾಯಿ ಕಂಡ್ರೇ ನಂಗೆ ಮೈ ಉರಿಯುತ್ತೆ. ಆದ್ರೆ..." ಮೇಡಂ ತಡವರಿಸಿದಳು. "ಹಾಕ್ಕೊಂಡಿದ್ದು ನನ್ನ ಹಸಿರು ಸ್ವೆಟರ್."

ಡಾಕ್ಟರಿಗೆ ಹುರುಪು ಬಂತು. ಒಂದು ಕೈ ಸ್ಟೇರಿಂಗ್ ಬಿಟ್ಟು ಗಾಳಿಯಲ್ಲಿ ಆಡತೊಡಗಿತು. "ಊರಿಗೆ ತೋರಿಸೋಕೆ ಎಲ್ಲರಿಗೂ ಒಂದು ಮುಖವಾಡ ಇರುತ್ತೆ ಮೇಡಂ. ಬೇಕು ಅದು, ತಪ್ಪೇನಿಲ್ಲ. ನಿಮ್ಮದು ಬೆಣ್ಣೇದು. ಅದಕ್ಕೆ ಒಗ್ಗದ್ದನ್ನೆಲ್ಲ ಹಿಂದಕ್ಕೆ ತಳ್ತೀವಿ. ಅದು ಇಳಿದು ಹೋಗಲ್ಲ, ನೆರಳಿನ ಹಾಗೆ ಜೊತೇಲೇ ಬರುತ್ತೆ. ಅದಕ್ಕೇ ನಾವು ಅದನ್ನ ನೆರಳು ಅಂತಾನೇ ಕರೀತೀವಿ. ಇನ್ನೊಬ್ಬರಲ್ಲಿ ಕಂಡಾಗ ಮೈ ಉರಿಯುತ್ತೆ ನೋಡಿ, ಎಷ್ಟೋ ಸಲ ಅದು ನಮ್ಮದೇ ಸಾಮಾನು."

"ಹಾಗಾದ್ರೆ ನಾನೂ ಅಕ್ಕನ ಥರ ಊರೆಲ್ಲ ಬಾಯಿ ಮಾಡ್ಬೇಕಾ?"

"ಬೇಡಪ್ಪಾ! ಹಗಲೆಲ್ಲ ನಾವು ಒಂದೇ ಕಡೆ ವಾಲಿದ್ರೆ, ಕನಸು ಇನ್ನೊಂದು ಕಡೆ ಎಳೆಯುತ್ತೆ, ಅಷ್ಟೆ. ಬೀಗ ಹಾಕ್ಬೇಡಿ, ಮಾತಾಡ್ಸಿ. ನಿಮಗೆ ಬೇಕಾದ್ದೇನೋ ಅವಳ ಹತ್ರ ಇದೆ. ಅಂದ ಹಾಗೆ, ಏನಂತ ಕಿರುಚ್ತಾಳೆ?"

ಮೇಡಂ ಕಣ್ಣು ಕಿರಿದಾಗಿಸಿ ನೆನಪಿಸಿಕೊಂಡಳು. "'ಕಾಲು ತೆಗಿಯೇ, ಕಾಲು ತೆಗಿ' ಅಂತ."

ಹೇಳಿದವಳೇ ಕೆಳಗೆ ನೋಡಿದಳು. ಬಲಗಾಲು ಆಗಲೇ ಬ್ರೇಕಿನ ಮೇಲೆ ಕೂತಿತ್ತು. ಮುಂದೆ ಮೈದಾನದ ಅಂಚಿನ ಗೋಡೆ ಹತ್ತಿರವಾಗುತ್ತಿತ್ತು. ಡಾಕ್ಟರ್ ಗೋಡೆಯನ್ನು ನೋಡುತ್ತಿದ್ದರೂ ನಿಲ್ಲಿಸುವ ಗೋಜಿಗೆ ಹೋಗಿರಲಿಲ್ಲ. ಹೇಗೂ ಕಾರು ನಿಲ್ಲುತ್ತದೆ, ಇಷ್ಟು ದಿನವೂ ನಿಂತಿದೆ ಎಂಬುದು ಅವರಿಗೇ ಅರಿವಿಲ್ಲದೆ ಅವರ ಕಾಲಿಗೆ ರೂಢಿಯಾಗಿತ್ತು. ಶಿಷ್ಯರೆಲ್ಲ ಯಾಕೆ ಫೇಲಾದರೆಂದು ಮೇಡಂಗೆ ಆಗ ತಿಳಿಯಿತು. ಕೈಯನ್ನು ಹ್ಯಾಂಡ್ ಬ್ರೇಕಿನ ಮೇಲಿಟ್ಟು ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಬ್ರೇಕ್ ಹಾಕ್ರೀ! ಏನು ನಿದ್ದೆ ಮಾಡ್ತಿದ್ದೀರಾ? ಒತ್ರೀ!"

ಆ ದನಿಗೆ ಮೈದಾನದ ಕಾಗೆಗಳೆದ್ದವು. ಡಾಕ್ಟರ್ ಎರಡೂ ಕಾಲಲ್ಲಿ ಬ್ರೇಕು ತುಳಿದರು. ಕಾರು ಗಕ್ಕೆಂದು ನಿಂತು ಎಂಜಿನ್ ಆರಿತು. ಗೋಡೆ ಇನ್ನೊಂದು ಮಾರು ದೂರವಿತ್ತು.

"ಇಷ್ಟು ದಿನ ನಿಲ್ಲಿಸ್ತಿದ್ದಿದ್ದು ನಾನು ಡಾಕ್ಟ್ರೇ. ನೀವು ನಿಲ್ಲಿಸಿದ್ದು ಇದೇ ಮೊದಲು." ಮೇಡಂ ಕೀ ಕಡೆ ಬೆರಳು ತೋರಿಸಿದಳು. "ಸ್ಟಾರ್ಟ್ ಮಾಡಿ. ಕತ್ತಲಾಗೋ ತನಕ ಬ್ರೇಕೇ ಅಭ್ಯಾಸ."

ಡಾಕ್ಟರ್ ಬೆವರು ಒರೆಸಿಕೊಂಡು, ಒಳ್ಳೆಯ ವಿದ್ಯಾರ್ಥಿಯಂತೆ ಕೀ ತಿರುಗಿಸಿದರು.

ಮರುದಿನ ಅವರು ಪಾಸಾದ ಸುದ್ದಿ ಬರುವ ಹೊತ್ತಿಗೆ ಮೈದಾನದ ಸುದ್ದಿಯೂ ಆಫೀಸು ಮುಟ್ಟಿತ್ತು. ಹೊಸ ಶಿಷ್ಯನನ್ನು ಕರೆದೊಯ್ಯಲು ಕೀ ತೆಗೆದುಕೊಳ್ಳುತ್ತಿದ್ದ ತಂಗಿಯನ್ನು ಅಕ್ಕ ಮೇಲಿಂದ ಕೆಳಗೆ ನೋಡಿದಳು.

"ಏನೇ, ನಿನ್ನೆ ನನ್ನ ಥರಾನೇ ಕಿರುಚಿದ್ಯಂತೆ?"

ಮೇಡಂ ಹಸಿರು ಸ್ವೆಟರಿನ ಗುಂಡಿ ಹಾಕಿಕೊಂಡಳು.

"ನಿನ್ನ ಥರ ಅಲ್ಲಕ್ಕ" ಎಂದಳು. "ನನ್ನ ಥರ."